ಬೇರೊಬ್ಬರ ನಂಬರು

ಸಿಮ್ ಕೊಂಡು ಅಂಗಡಿಯಿಂದ ಹೊರಬಂದು ಇನ್ನೂ ರಸ್ತೆ ದಾಟಿರಲಿಲ್ಲ, ಫೋನ್ ರಿಂಗಾಯಿತು. ಚೀನಾದ ಆ ಬಂದರು ಪಟ್ಟಣದಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಎತ್ತಿದೆ. ಪುಟ್ಟ ಹುಡುಗಿಯ ದನಿಯೊಂದು "ಬಾಬಾ?" ಎಂದಿತು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿರುವ ನನ್ನ ಮಗಳು ನಾಜಿಯಾ ನನ್ನನ್ನು ಕರೆಯುವುದೂ ಹಾಗೆಯೇ. "ನಾಜಿಯಾ?" ಎಂದೆ. ಆ ಕಡೆಯಿಂದ ಒಂದಕ್ಷರವೂ ತಿಳಿಯದ ಮಾತು ಹರಿದು ಬಂತು. ಚೀನೀ ಭಾಷೆಯಲ್ಲೂ ಬಾಬಾ ಎಂದರೆ ಅಪ್ಪ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಅದಿರಿನ ವ್ಯಾಪಾರ ಏರಿದ್ದ ಕಾಲವದು. ಬಳ್ಳಾರಿಯ ಅದಿರು ಲ್ಯಾಬ್‌ನಲ್ಲಿ ಕೆಮಿಸ್ಟ್ ಆಗಿದ್ದ ನನ್ನನ್ನು ಮಾಲೀಕರು ಇಲ್ಲಿಗೆ ಕಳಿಸಿದ್ದರು. ಹಡಗಿನಿಂದ ಅದಿರು ಇಳಿಯುವಾಗ ಎದುರು ನಿಂತು ಸ್ಯಾಂಪಲ್ ತೆಗೆಸಿ, ತೇವ ಎಷ್ಟು, ಕಬ್ಬಿಣ ಎಷ್ಟು ಎಂಬುದನ್ನು ಊರಿಗೆ ಮೇಲ್ ಮಾಡಬೇಕು. ನಮ್ಮ ಸಿಮ್ ಇಲ್ಲಿ ಸಿಗ್ನಲ್ ಹಿಡಿಯಲಿಲ್ಲ, ಅದಕ್ಕೇ ಇಲ್ಲಿನ ಪ್ರಿಪೇಯ್ಡ್ ಕಾರ್ಡು. ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿದರೆ ಇಂಟರ್ನೆಟ್ ಬರುತ್ತಿತ್ತು. ಒಂದು ಫೋಟೊ ಹೋಗುವಷ್ಟರಲ್ಲಿ ಚಹಾ ಕುಡಿದು ಮುಗಿಯುತ್ತಿತ್ತು. ನಮ್ಮಲ್ಲಿ ಅಂಗಡಿಯವನು ಕೊಟ್ಟ ನಂಬರು ತಂದುಕೊಳ್ಳುತ್ತೇವೆ. ಇಲ್ಲಿ ನಂಬರುಗಳನ್ನು ಗೋಡೆಗೆ ಅಂಟಿಸಿ ಆರಿಸಿಕೋ ಎನ್ನುತ್ತಾರೆ. ನಾಲ್ಕು ಎಂಬ ಪದ ಸಾವು ಎಂಬ ಪದದಂತೆಯೇ ಕೇಳಿಸುವುದರಿಂದ ನಾಲ್ಕಿರುವ ನಂಬರು ಅಗ್ಗ. ನಾನು ನಾಲ್ಕುಗಳೇ ತುಂಬಿದ್ದನ್ನು ತಂದಿದ್ದೆ.

ಊಟ ಸಿಕ್ಕಿದ್ದು 'ಛಿಂಗ್‌ಜನ್' ಎಂದು ಹಸಿರು ಬೋರ್ಡು ಹಾಕಿದ್ದ ಅಂಗಡಿಯಲ್ಲಿ. ಹಲಾಲ್ ಎಂಬುದಕ್ಕೆ ಅವರ ಮಾತದು. ಮಾಲೀಕರಾದ ಮಾ ಸಾಹೇಬರಿಗೆ ನನ್ನ ಸಲಾಮು ಅರ್ಥವಾಯಿತು, ಮುಂದಿನದೆಲ್ಲ ಕೈಸನ್ನೆ. ಜೋಳದ ರೊಟ್ಟಿ ತಿಂದು ಬೆಳೆದ ನನ್ನ ಕಣ್ಣೆದುರೇ ಅವರು ಹಿಟ್ಟನ್ನು ನೂಲಿನಂತೆ ಎಳೆದು ಕುರಿ ಸಾರಿಗೆ ಹಾಕಿದರು. ಸಪ್ಪೆಯಾಗಿತ್ತು. ಕುರುಗೋಡಿನ ಅಕ್ಕ ಕಟ್ಟಿಕೊಟ್ಟಿದ್ದ ಖಾರದಪುಡಿ ಉದುರಿಸಿಕೊಂಡೆ. ಮಾ ಸಾಹೇಬರು ಒಂದು ಚಿಟಿಕೆ ನೆಕ್ಕಿ, ನೀರು ಕುಡಿದು, ಮರುದಿನ ಮತ್ತೆ ಕೇಳಿದರು.

ಬಂದರಿನಲ್ಲಿ ನಮ್ಮ ಕೆಂಪು ಮಣ್ಣು ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಬಳ್ಳಾರಿಯಲ್ಲಿ ಆ ಧೂಳನ್ನು ಬೈದುಕೊಂಡೇ ಓಡಾಡುತ್ತಿದ್ದವನಿಗೆ ಇಲ್ಲಿ ಬೂಟಿಗೆ ಅಂಟಿದ್ದನ್ನು ಒರೆಸಲು ಮನಸ್ಸಾಗುತ್ತಿರಲಿಲ್ಲ.

ಹುಡುಗಿ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಳು. ಊರಿಗೆ ಫೋನ್ ಮಾಡಿದಾಗ ಹೆಂಡತಿ ಶಮೀಮ್‌ಗೆ ಹೇಳಿದೆ. ಅವಳು ಹಚ್ಚೊಳ್ಳಿಯವಳು, ಮಾತು ನೇರ.

"ಅಕೀ ಏನಂತಾಳ?"

"ತಿಳ್ಯಾಂಗಿಲ್ಲ. ರಾಂಗ್ ನಂಬರ್ ಅಂತ ಇಡ್ತೀನಿ."

"ಅಷ್ಟ್ ಸಣ್ಣ ಕೂಸಿಗೆ ರಾಂಗ್ ನಂಬರ್ ಅಂದ್ರ ಏನ್ ತಿಳೀತೈತ್ರಿ? ಭಾಷಾ ಬಲ್ಲೋರ ಕೈಯಾಗ ಫೋನ್ ಕೊಡ್ರಿ."

ಮಾ ಸಾಹೇಬರ ಮಗಳು ಲೀಗೆ ಇಂಗ್ಲಿಷ್ ಬರುತ್ತಿತ್ತು. ಮುಂದಿನ ಕರೆ ಬಂದಾಗ ಫೋನನ್ನು ಅವಳಿಗೆ ಕೊಟ್ಟೆ. ಮಾತಾಡುತ್ತಾ ಅವಳು ಹಿಟ್ಟಿನ ಚೀಲದ ಮೇಲೆ ಕುಳಿತುಬಿಟ್ಟಳು.

"ಇದು ಅವಳ ಅಪ್ಪನ ನಂಬರಾಗಿತ್ತು" ಎಂದಳು. "ಬಂದರಿನ ಕೂಲಿ. ತಿಂಗಳುಗಳಿಂದ ಸುದ್ದಿಯಿಲ್ಲವಂತೆ. ಶಾಲೆ ಬಿಟ್ಟ ಮೇಲೆ ಹಳ್ಳಿಯ ಅಂಗಡಿಗೆ ಬಂದು ಫೋನ್ ಮಾಡುತ್ತಾಳಂತೆ. ನೀವು ಎತ್ತಿದ್ದರಿಂದ ಅಪ್ಪನ ಪಕ್ಕದಲ್ಲಿರುವವರು ಯಾರೋ ಅಂದುಕೊಂಡಿದ್ದಾಳೆ."

ಇಲ್ಲಿ ಒಂದು ಊರಿನ ಕಾರ್ಡು ಇನ್ನೊಂದು ಊರಲ್ಲಿ ದುಬಾರಿ. ಕೆಲಸ ಹುಡುಕಿ ಹೋಗುವ ಕೂಲಿಗಳು ಹಳೆಯ ಕಾರ್ಡು ಎಸೆದು ಹೊಸದು ಕೊಳ್ಳುತ್ತಾರೆ. ಎಸೆದ ನಂಬರನ್ನು ಕಂಪನಿ ಕೆಲವು ತಿಂಗಳಲ್ಲಿ ಬೇರೆಯವರಿಗೆ ಮಾರುತ್ತದೆ. ಆದರೆ ಬಂದರಿನ ಕ್ರೇನುಗಳ ಕೆಳಗೆ ಎಂಥ ಅಪಘಾತಗಳಾಗುತ್ತವೆಂದು ನಾನು ನೋಡಿದ್ದೆ. ಲೀ ಮುಖದಲ್ಲೂ ಅದೇ ಭಯವಿತ್ತು.

ಊಟಕ್ಕೆ ಬರುವ ಕೂಲಿಗಳನ್ನೆಲ್ಲ ಅವಳು ವಿಚಾರಿಸತೊಡಗಿದಳು. ಕೊನೆಗೊಬ್ಬ ಗುರುತು ಹಿಡಿದ. ಆ ಮನುಷ್ಯ ಉತ್ತರದ ಬಂದರಿಗೆ ಹೋಗಿದ್ದಾನೆ, ಚೆನ್ನಾಗಿಯೇ ಇದ್ದಾನೆ ಎಂದು ಹೊಸ ನಂಬರನ್ನೂ ಕೊಟ್ಟ. ಹಳ್ಳಿಯ ಅಂಗಡಿಯ ನಂಬರು ಹಳೆಯ ಸಿಮ್ಮಿನಲ್ಲೇ ಇತ್ತಂತೆ, ಸಿಮ್ಮಿನ ಜೊತೆ ಅದೂ ಹೋಗಿತ್ತು. ಲೀ ಅಪ್ಪ, ಮಗಳು ಇಬ್ಬರಿಗೂ ಫೋನ್ ಮಾಡಿದಳು. ಮರುದಿನ ನನಗೊಂದು ಗಂಡಸಿನ ಕರೆ ಬಂತು. ಬಹಳ ಹೊತ್ತು ಮಾತಾಡಿದ. ನನಗೆ ತಿಳಿದದ್ದು 'ಶಿಯೆಶಿಯೆ' ಎಂಬುದೊಂದೇ, ಅಂದರೆ ಧನ್ಯವಾದ.

ಆಮೇಲೆ ಹುಡುಗಿಯ ಕರೆ ನಿಂತಿತು. ಶಾಲೆ ಬಿಡುವ ಹೊತ್ತಿಗೆ ನನ್ನ ಕೈ ಮಾತ್ರ ಜೇಬಿಗೆ ಹೋಗುತ್ತಿತ್ತು. ಲ್ಯಾಬಿನ ಮಾಲೀಕರು ಬೇರೆ ಬಂದರಿಗೆ ಕಳಿಸಿದಾಗ ಅಲ್ಲಿನ ಕಾರ್ಡು ಕೊಂಡೆ, ಇದನ್ನು ಎಸೆಯಲಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಶಮೀಮ್ ಎರಡೂ ಕಾರ್ಡು ನೋಡಿದಳು.

"ಒಂದ್ ಸಾಲ್ದೇನ್ರಿ?"

"ಅವ್ರಪ್ಪ ಮತ್ತ ಊರು ಬದಲಿ ಮಾಡಿದ್ರ, ಕೂಸು ಯಾವ ನಂಬರಿಗೆ ಮಾಡ್ಬೇಕು?"

ಅವಳು ಎರಡೂ ಕಾರ್ಡು ನನ್ನ ಕೈಗೆ ಮರಳಿಸಿದಳು. "ಇಟ್ಕೊಳ್ರಿ ಹಂಗಾರ" ಎಂದಳು. ನನ್ನ ಬಳ್ಳಾರಿ ಸಿಮ್ಮನ್ನು ನಮ್ಮೂರ ಗಾಂಧಿನಗರದ ಅಂಗಡಿಯಲ್ಲಿ ರೀಚಾರ್ಜ್ ಮಾಡಿಸಿ ಅವಳ ಕೈಗೆ ಕೊಟ್ಟು ಬಂದೆ. ಇದೂ ಬೇರೆಯವರ ಪಾಲಾಗುವುದು ನನಗೆ ಬೇಡವಾಗಿತ್ತು.

ಈಗ ಯಾರಾದರೂ ಅದಕ್ಕೆ ಫೋನ್ ಮಾಡಿ ನನ್ನನ್ನು ಕೇಳಿದರೆ ಶಮೀಮ್ ಎತ್ತಿ ಹೇಳುತ್ತಾಳೆ: "ಅವ್ರು ಊರಾಗಿಲ್ರಿ."