ಬೇಕರಿಯ ರೂಬೆನ್ ಪರವಾಗಿ ಕೊರಗಪ್ಪ ಆಡಿದ ಮಾತು

ಕೊರಗಪ್ಪನಿಗೆ ಮಾತು ಬರುವುದಿಲ್ಲ ಎಂದು ಮಸ್ಕತ್ತಿನ ತುಳುವರಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ವರ್ಷಕ್ಕೊಮ್ಮೆ ಊರಿನಿಂದ ಭಾಗವತರನ್ನೂ ಹೆಸರಾಂತ ಅರ್ಥಧಾರಿಗಳನ್ನೂ ಕರೆಸಿ ತಾಳಮದ್ದಳೆ ಮಾಡಿಸುವಾಗ ಜಮಖಾನ ಹಾಸುವವನು ಅವನು, ಮೈಕಿನ ವಯರು ಎಳೆಯುವವನು ಅವನು, ಅರ್ಥಧಾರಿಗಳ ಗಂಟಲು ಒಣಗದಂತೆ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಡುವವನೂ ಅವನೇ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹಾಡಿದರೆ ಕೂತಲ್ಲೇ ಪಾತ್ರವಾಗಿ ಅದಕ್ಕೆ ಅರ್ಥ ಹೇಳಬೇಕು, ಎದುರು ಕೂತವನು ಆ ಮಾತನ್ನು ಕತ್ತರಿಸಬೇಕು. ಅಲ್ಲಿ ಇರುವುದು ಬರೀ ಮಾತು. ಅಂಥ ಜಾಗದಲ್ಲಿ ಕೊರಗಪ್ಪ ಜಮಖಾನದ ಸುಕ್ಕು ಸರಿಮಾಡುತ್ತ ಒಂದು ಮೂಲೆಯಲ್ಲಿ ಇರುತ್ತಿದ್ದ.

ಹೆಂಡತಿ ಉಮಾವತಿಗೆ ಮಾತ್ರ ಬೇರೆಯೇ ಒಬ್ಬ ಕೊರಗಪ್ಪ ಗೊತ್ತಿದ್ದ. ಅವನು ಕಾರಿನೊಳಗೆ ವಾಸವಾಗಿದ್ದ. ಎಣ್ಣೆಬಾವಿ ಕೊರೆಯುವ ಸಾಮಾನು ಪೂರೈಸುವ ಕಂಪನಿಯೊಂದರ ಸ್ಟೋರ್ ಕೀಪರ್ ಆಗಿ ಇಡೀ ದಿನ ಹಿಂದಿಯಲ್ಲಿ ಲೆಕ್ಕ ಒಪ್ಪಿಸಿ, ಮನೆಗೆ ಬಂದು ತುಳುವಿನಲ್ಲಿ ನಾಲ್ಕು ಮಾತಾಡಿ ಮುಗಿಸುವ ಮನುಷ್ಯ, ಸ್ಟೇರಿಂಗ್ ಹಿಡಿದು ಹೆದ್ದಾರಿಗೆ ಬಿದ್ದದ್ದೇ ತಡ, ಅರ್ಥ ಹೇಳಲು ತೊಡಗುತ್ತಿದ್ದ. ರಾಜನೂ ಅವನೇ, ರಾಜನ ವೈರಿಯೂ ಅವನೇ. ಎಲ್ಲಿಂದ ಬರುತ್ತಿತ್ತೋ ಆ ಕನ್ನಡ! ಒಂದು ಇಂಗ್ಲಿಷ್ ಪದ ಸೋಕದ, ತುಂಬಿ ಹರಿಯುವ ಕನ್ನಡ. ಪಕ್ಕದ ಸೀಟಿನಲ್ಲಿ ಕೂತ ಉಮಾವತಿಗೆ ಮೈ ಜುಂ ಎನ್ನುತ್ತಿತ್ತು. ಕಾರು ನಿಂತರೆ ಮಾತೂ ನಿಲ್ಲುತ್ತಿತ್ತು.

ಆ ಮಾತು ಸಭೆಗೆ ಬಾರದೆ ಹೋದದ್ದಕ್ಕೆ ಒಂದು ಕಥೆ ಉಂಟು. ಮದುವೆಯಾದ ಹೊಸತರಲ್ಲಿ, ಊರಿನಿಂದ ಬರಬೇಕಿದ್ದ ಒಬ್ಬರು ಬರಲಾಗದೆ ದೂತನ ಪಾತ್ರ ಖಾಲಿಬಿತ್ತು. ಯಾರೋ ತಮಾಷೆಗೆ ಕೊರಗಪ್ಪನನ್ನು ಹಿಡಿದು ಕೂರಿಸಿದರು. ಭಾಗವತರು ಪದ ಹಾಡಿದರು. ಕೊರಗಪ್ಪ ಬಾಯಿ ತೆರೆಯಲಿಲ್ಲ. ಪಾಪ, ಅವರು ಅದೇ ಪದವನ್ನು ಇನ್ನೊಮ್ಮೆ ಹಾಡಿದರು. ಕೊರಗಪ್ಪ ಎದ್ದು, ಮೈಕಿನಲ್ಲಿ ಏನೋ ತೊಂದರೆ ಇದ್ದವನಂತೆ ಹೋಗಿ ವಯರು ಮುಟ್ಟಿ ನೋಡಿದ. ಸಭೆ ನಕ್ಕಿತು. ಆ ಸಭೆಯಲ್ಲಿ ಉಮಾವತಿಯೂ ಕೂತಿದ್ದಳು. ಗಂಡ ಹೆಂಡತಿ ಆ ವಿಷಯ ಎತ್ತಲೇ ಇಲ್ಲ, ಆಮೇಲೂ ಇಲ್ಲ. ಸಂಘದವರಾದರೂ ಮತ್ತೊಮ್ಮೆ ಕರೆಯಬೇಡವೇ? ಕರೆಯಲಿಲ್ಲ. ಅವನೂ ಕೇಳಲಿಲ್ಲ.

ಎಣ್ಣೆಯ ಬೆಲೆ ನೆಲಕಚ್ಚಿದ ಮೇಲೆ ಕೊರಗಪ್ಪನ ಕಂಪನಿಯೂ ಬಾಗಿಲು ಎಳೆಯಲು ಹೊರಟಿತು. ಎರಡು ಸಾವಿರದ ಹದಿನಾರನೇ ಇಸವಿ. ವಾರ ವಾರವೂ ಯಾರದೋ ಬೀಳ್ಕೊಡುಗೆ, ಯಾರದೋ ಸೋಫಾ ಮಾರಾಟಕ್ಕೆ. ಅವನ ವೀಸಾ ರದ್ದಾಗುವ ದಿನವೂ ಗೊತ್ತಾಯಿತು. ಉಮಾವತಿಗೆ ಕೆಲಸ ಹೋದ ದುಃಖ ಅಷ್ಟಿರಲಿಲ್ಲ, ಊರಲ್ಲಿ ಹೇಗೋ ನಡೆಯುತ್ತದೆ. ಅವಳ ಹೊಟ್ಟೆ ಉರಿಯುತ್ತಿದ್ದುದು ಬೇರೆ ಕಾರಣಕ್ಕೆ. ಇಷ್ಟು ವರ್ಷ ಬಾಳಿದ ಊರಿನಿಂದ ಈ ಮನುಷ್ಯ ಜಮಖಾನ ಹಾಸಿದವನು ಎಂಬ ಹೆಸರೊಂದನ್ನೇ ಹೊತ್ತು ವಿಮಾನ ಹತ್ತಬೇಕೇ? ಹೊರಡುವ ಮೊದಲು ಒಂದು ಸಲ, ಒಂದೇ ಒಂದು ಸಲ, ನಾಲ್ಕು ಜನರ ಎದುರು ಇವರ ಬಾಯಿ ತೆರೆಯಲಿ ಎಂದು ಅವಳು ಕಂಡ ದೈವಗಳಿಗೆಲ್ಲ ಹೇಳಿಕೊಂಡಳು.

ದೈವಗಳು ಅವಳ ಮಾತನ್ನು ಕೇಳಿಸಿಕೊಂಡದ್ದು ಮಾತ್ರ ಮಸ್ಕತ್ತಿನ ಹೊರಬಡಾವಣೆ ಅಲ್ ಖೌದ್‌ನ ಒಂದು ಫ್ಲ್ಯಾಟಿನಲ್ಲಿ, ಅದೂ ಯಹೂದಿ ಪತ್ತೇದಾರನೊಬ್ಬನ ಮುಖಾಂತರ.

ಆ ಫ್ಲ್ಯಾಟು ಮೈಸೂರಿನ ಪ್ರೇರಣಾಳದು. ಶುಕ್ರವಾರ ಮಧ್ಯಾಹ್ನ ಅವಳ ಮನೆಯಲ್ಲಿ ಓದುವ ಕೂಟ ಸೇರುತ್ತಿತ್ತು. ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದ ಉಮಾವತಿಯನ್ನು ಅಲ್ಲಿಗೆ ಎಳೆದುಕೊಂಡವಳೂ ಅವಳೇ. ಕೆಲಸ ಕಳೆದುಕೊಂಡು ಹೊರಟ ಪ್ರೇರಣಾಳ ಸಹೋದ್ಯೋಗಿಯೊಬ್ಬ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಒಂದೇ ಸರಣಿಯ ಏಳು ಇಂಗ್ಲಿಷ್ ಪತ್ತೇದಾರಿ ಪುಸ್ತಕಗಳು ಸಿಕ್ಕವು. ಮಂಜು ಕವಿದ ಒಂದು ಬಂದರು ಪಟ್ಟಣ, ಅಲ್ಲೊಂದು ಯಹೂದಿ ಕೇರಿ, ಆ ಕೇರಿಯಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕ ಎಝ್ರಾ. ಕೊಲೆಯಾದರೆ ಪೊಲೀಸರು ತಲೆ ಕೆರೆದುಕೊಂಡು ಬರುವುದು ಅವನ ಅಂಗಡಿಗೆ. ಕೂಟದವರಲ್ಲಿ ಯಾರೂ ಯಹೂದಿಯೊಬ್ಬನನ್ನು ಕಣ್ಣಾರೆ ಕಂಡವರಲ್ಲ. ಆದರೂ ಒಂದೆರಡು ತಿಂಗಳಲ್ಲಿ ಎಝ್ರಾನ ಮನೆಯ ಪಾತ್ರೆ ಪಡಗವೂ ಅವರಿಗೆ ಬಾಯಿಪಾಠವಾಯಿತು.

ಅಭಿಪ್ರಾಯಗಳಂತೂ ಕೇಳಬೇಕು. ಪ್ರೇರಣಾಳ ಅತ್ತೆ ಅಂಬುಜಮ್ಮನವರು ವಿಸಿಟ್ ವೀಸಾದಲ್ಲಿ ಬಂದವರು. ಇಂಗ್ಲಿಷ್ ಓದಲಾರರು, ಸೊಸೆ ಅಡುಗೆ ಮಾಡುತ್ತ ಹೇಳುವ ಕಥೆ ಕೇಳಿಯೇ ಎಲ್ಲರಿಗಿಂತ ಗಟ್ಟಿಯಾಗಿ ತೀರ್ಪು ಕೊಡುತ್ತಿದ್ದರು.

"ನೋಡ್ರೀ, ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಶುಕ್ರವಾರ ಸಂಜೆ ದೀಪ ಹಚ್ಚಿದ್ರೆ ಶನಿವಾರ ಕತ್ತಲಾಗೋವರೆಗೂ ಬೆಂಕಿ ಮುಟ್ಟೋ ಹಾಗಿಲ್ಲ. ನಮ್ಮತ್ತೆ ಮಡಿಗೂ ಅಪ್ಪನ ಹಾಗಿದೆ ಇದು! ಆ ಮಿರಿಯಮ್ ಪಾಡು ನಂಗೆ ಚೆನ್ನಾಗಿ ಅರ್ಥವಾಗುತ್ತೆ" ಎಂದರು ಎಝ್ರಾನ ಹೆಂಡತಿಯ ಬಗ್ಗೆ. ಮಂಗಳೂರಿನ ಕ್ಲಾರೆನ್ಸ್‌ಗೆ ಬೈಬಲ್ಲಿನ ಹಳೆಯ ಒಡಂಬಡಿಕೆಯ ಹೆಸರುಗಳೆಲ್ಲ ನೆಂಟರ ಹೆಸರುಗಳಿದ್ದಂತೆ. ಆದರೆ ಅವನದು ಒಂದೇ ದೂರು. "ಅಡಿಗೆ ಜಾಸ್ತಿ ಆಯ್ತು ಮಾರಾಯ್ರೆ. ಹೆಣ ಬಿದ್ದಿದೆ, ಇವರು ಸೂಪಿಗೆ ಉಪ್ಪು ನೋಡ್ತಾ ಕೂತಿದ್ದಾರೆ." ಉಮಾವತಿಗೆ ಸೋಜಿಗವಾಗುತ್ತಿದ್ದುದು ಇನ್ನೊಂದು. ಶನಿವಾರ ಏನನ್ನೂ ಮಾಡಲಾರದೆ ಕತ್ತಲಲ್ಲಿ ಕೂತ ಎಝ್ರಾನಿಗೆ, ಕೂತದ್ದರಿಂದಲೇ ಸತ್ಯ ಕಾಣುತ್ತಿತ್ತಲ್ಲ! ಕೈಕಟ್ಟಿದ ದಿನವೇ ಕಣ್ಣು ಬಿಡುವ ಒಂದು ಜನಾಂಗ ಲೋಕದಲ್ಲಿದೆ ಎಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ಕೊರಗಪ್ಪ ಅವಳನ್ನು ಬಿಟ್ಟು ಕೆಳಗೆ ಕಾರಿನಲ್ಲಿ ಕಾಯುವುದು ವಾಡಿಕೆ. ಜೂನ್ ಬಂದ ಮೇಲೆ ಪ್ರೇರಣಾ ಬಿಡಲಿಲ್ಲ, "ಕೊರಗಪ್ಪಣ್ಣ, ಬೆಂದು ಹೋಗ್ತೀರಿ, ಮೇಲೆ ಬನ್ನಿ" ಎಂದು ಕರೆತಂದಳು. ಅವನು ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಕುರ್ಚಿ ಆರಿಸಿಕೊಂಡ. ಉಮಾವತಿ ಮುಗಿಸಿದ ಪುಸ್ತಕಗಳನ್ನು ಅವನೂ ಒಂದೊಂದಾಗಿ ಓದುತ್ತಿದ್ದ. ಆದರೆ ಯಾರಾದರೂ ಕೇಳಿದರೆ "ಅಡ್ಡಿಯಿಲ್ಲ" ಎನ್ನುವುದೇ ಅವನ ಅಭಿಪ್ರಾಯ.

ಅವರು ಊರಿಗೆ ಹೊರಡುವ ಮೊದಲಿನ ಕೊನೆಯ ಶುಕ್ರವಾರ ಬಂತು. ಕೂಟದಲ್ಲಿ ಉಳಿದಿದ್ದವರು ಇವರೈದು ಜನ. ಚರ್ಚೆಗೆ ಇದ್ದದ್ದು ಏಳನೆಯ ಪುಸ್ತಕ. ಅದರಲ್ಲಿ ಹಡಗಿನ ಧಣಿಯೊಬ್ಬ ಬಂದರಿನ ಧಕ್ಕೆಯಿಂದ ನೀರಿಗೆ ಬಿದ್ದು ಸಾಯುತ್ತಾನೆ. ತಳ್ಳಿದವನು ಕೇರಿಯ ಬೇಕರಿಯ ರೂಬೆನ್. ಎಝ್ರಾನ ಬಾಲ್ಯದ ಗೆಳೆಯ. ಶುಕ್ರವಾರದ ಪೂಜೆಗೆ ಅವನು ಜಡೆಯಂತೆ ಹೆಣೆದು ಸುಡುವ ರೊಟ್ಟಿ ಆ ವಾರ ತಿರುವುಮುರುವಾಗಿ ಹೆಣೆದಂತಿತ್ತು. ಧಣಿಯನ್ನು ತಳ್ಳುವಾಗ ಅವನ ಬಲಗೈಗೆ ಪೆಟ್ಟಾಗಿದೆ ಎಂದು ಎಝ್ರಾ ಅದರಿಂದಲೇ ಕಂಡುಹಿಡಿದ. ಧಣಿ ತಳ ಓಟೆಬಿದ್ದ ದೋಣಿ ಕೊಟ್ಟು ರೂಬೆನ್‌ನ ತಮ್ಮನನ್ನು ಸಮುದ್ರಕ್ಕೆ ಕಳಿಸಿದ್ದ, ತಮ್ಮ ತಿರುಗಿ ಬರಲಿಲ್ಲ. ಕೊನೆಯ ಅಧ್ಯಾಯದಲ್ಲಿ ಇಡೀ ಕೇರಿ ಬೇಕರಿಯಲ್ಲಿ ನೆರೆದಿದೆ, ರೂಬೆನ್‌ನ ಹೆಂಡತಿ ಲೀಯಾ ಕೂಡ. ಎಝ್ರಾ ಎಲ್ಲವನ್ನೂ ಬಿಡಿಸಿ ಹೇಳುತ್ತಾನೆ. ರೂಬೆನ್ ಒಂದು ಮಾತೂ ಆಡದೆ ಏಪ್ರನ್ ಬಿಚ್ಚಿಟ್ಟು ಪೊಲೀಸರ ಜೊತೆ ನಡೆಯುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

"ಇದು ಮೋಸ" ಎಂದ ಕ್ಲಾರೆನ್ಸ್. "ಏಳು ಪುಸ್ತಕ ಓದಿಸಿ, ಕೊನೆಗೆ ಕೊಂದವನ ಬಾಯಲ್ಲಿ ಒಂದು ಮಾತಿಲ್ಲ. ಬರೆದವರಿಗೆ ಸುಸ್ತಾಯ್ತು, ಅಷ್ಟೆ."

"ಮಾತಾಡೋಕೆ ಏನಿದೆ ಕ್ಲಾರೆನ್ಸ್? ತಪ್ಪು ಮಾಡಿದಾನೆ, ಸುಮ್ಮನಾದ" ಎಂದಳು ಪ್ರೇರಣಾ. ಅಂಬುಜಮ್ಮ ತಲೆಯಾಡಿಸಿದರು. "ಅಲ್ಲ ಕಣೇ. ಒಂದು ಮಾತು ಆಡಬೇಕಿತ್ತು ಅವನು. ಸುಮ್ಮನಿದ್ದೋರನ್ನ ಲೋಕ ಕೆಟ್ಟೋರು ಅಂತಾನೇ ಲೆಕ್ಕ ಹಾಕುತ್ತೆ."

ಉಮಾವತಿಗೆ ಏನನ್ನಿಸಿತೋ, ಬಾಗಿಲ ಕಡೆಗೆ ತಿರುಗಿದಳು. "ನೀವು ಎಂತ ಹೇಳ್ತೀರಿ? ಇವತ್ತು ಅಡ್ಡಿಯಿಲ್ಲ ಅಂದ್ರೆ ಆಗ್ಲಿಕ್ಕಿಲ್ಲ. ಇನ್ನು ನಮಗೆ ಶುಕ್ರವಾರ ಇಲ್ಲ."

ಕೊರಗಪ್ಪ ಎಲ್ಲರ ಮುಖ ನೋಡಿದ. ಕಾಲನ್ನು ಕುರ್ಚಿಯ ಮೇಲಕ್ಕೆಳೆದು ಚಕ್ಕಳಬಕ್ಕಳ ಹಾಕಿ ಕೂತ. ಅರ್ಥಧಾರಿಗಳು ಕೂರುವುದು ಹಾಗೆ.

"ಅಯ್ಯಾ ಎಝ್ರಾ" ಎಂದ ಕೊರಗಪ್ಪ.

ಅದು ಕಾರಿನೊಳಗಿನ ದನಿ.

"ಗಡಿಯಾರಗಳ ವೈದ್ಯ ನೀನು. ನಿಂತುಹೋದ ಗಡಿಯಾರವನ್ನು ನಿನ್ನ ಕೈಗೆ ಕೊಟ್ಟರೆ ಒಳಗೆ ಯಾವ ಸುರುಳಿ ಕಡಿದಿದೆ ಎಂದು ಹುಡುಕುತ್ತೀಯಲ್ಲದೆ ಗಡಿಯಾರವನ್ನು ಬೈಯುವುದಿಲ್ಲ. ಮನುಷ್ಯ ನಿಂತುಹೋದರೆ ಮಾತ್ರ ಅವನನ್ನು ಅಪರಾಧಿ ಎನ್ನುವೆಯಾ? ಮೂವತ್ತು ವರ್ಷ ಈ ಕೇರಿಗೆ ರೊಟ್ಟಿ ಸುಟ್ಟೆ. ನನ್ನ ರೊಟ್ಟಿಯಿಲ್ಲದೆ ನಿಮ್ಮ ಹಬ್ಬ ಹುಟ್ಟಲಿಲ್ಲ. ರೊಟ್ಟಿ ಚೆನ್ನಾಗಿದೆ ಎಂದಿರಿ. ಸುಟ್ಟವನು ಚೆನ್ನಾಗಿದ್ದಾನೆಯೇ ಎಂದು ಯಾವನು ಕೇಳಿದ? ನನ್ನ ತಮ್ಮನನ್ನು ಸಮುದ್ರ ನುಂಗಿದ ದಿನ ನೀನು ಎಲ್ಲಿದ್ದೆ, ಪತ್ತೇದಾರ? ಬಡವ ಮುಳುಗಿದರೆ ಅದು ದೈವಲೀಲೆ, ಧಣಿ ಮುಳುಗಿದರೆ ಮಾತ್ರ ಕೊಲೆಯೇ?"

ಕ್ಲಾರೆನ್ಸ್ ಬಾಯಿಗೆ ಒಯ್ದ ಚಹಾ ಹಾಗೆಯೇ ಹಿಡಿದಿದ್ದ. ಪ್ರೇರಣಾ ಆ ಕನ್ನಡವನ್ನು ಜನ್ಮದಲ್ಲೇ ಮನುಷ್ಯರ ಬಾಯಲ್ಲಿ ಕೇಳಿದವಳಲ್ಲ. ಚಪ್ಪಲಿಗಳ ಪಕ್ಕ ಕೂತ ಕೊರಗಪ್ಪ ಎಲ್ಲಿ ಹೋದ, ಈ ಬೇಕರಿಯವನು ಯಾವಾಗ ಬಂದು ಕೂತ, ಅವಳಿಗೆ ತಿಳಿಯಲಿಲ್ಲ.

ಆದರೆ ಉಮಾವತಿಗೆ ಒಂದು ಭಯ ಹತ್ತಿತು. ಅರ್ಥಕ್ಕೆ ಎದುರು ಅರ್ಥ ಬೇಕು. ಉತ್ತರ ಕೊಡುವವರಿಲ್ಲದಿದ್ದರೆ ಎಂಥ ಮಾತೂ ಗಾಳಿಗೆ ಹೋಗುತ್ತದೆ. ಇನ್ನೊಂದು ಗಳಿಗೆಯಲ್ಲಿ ಇವರು ನಾಚಿ ಎದ್ದು, ನೀರು ಬೇಕು ಎಂದು ಅಡುಗೆಮನೆಗೆ ಹೋಗುತ್ತಾರೆ. ಆ ಕೋಣೆಯಲ್ಲಿ ಅರ್ಥದ ದಾರಿ ತಿಳಿದವಳು ತಾನೊಬ್ಬಳೇ. ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ಕೇಳಿದ್ದೇನು ಕಡಿಮೆಯೇ? ಅವಳು ಸೋಫಾದ ಮೇಲೆ ಕಾಲು ಮಡಚಿ ನೇರವಾಗಿ ಕೂತಳು.

"ರೂಬೆನ್" ಎಂದಳು. ಈಗ ಎಝ್ರಾ ಅವಳೇ. "ನಿನ್ನ ತಮ್ಮನಿಗಾಗಿ ನಾನೂ ಅತ್ತವನು. ಆದರೆ ಒಂದು ಅನ್ಯಾಯಕ್ಕೆ ಇನ್ನೊಂದನ್ನು ಹೆಣೆದರೆ ಅದು ರೊಟ್ಟಿಯಾಗುವುದಿಲ್ಲ."

ಕೊರಗಪ್ಪನ ಕಣ್ಣು ಅರಳಿತು. "ಭಲೇ!" ಎಂದ, ಮರುಕ್ಷಣವೇ ಎದುರು ಬಿದ್ದ. ಅವನು ಒಂದು ಹೇಳಿದರೆ ಇವಳು ಇನ್ನೊಂದು. ನ್ಯಾಯ ಯಾರದು, ಗೆಳೆತನಕ್ಕೆ ಎಷ್ಟು ಬೆಲೆ, ಸತ್ಯ ಹೇಳಿದವನಿಗೆ ಆ ರಾತ್ರಿ ನಿದ್ದೆ ಬಂತೇ. ಬರೆದವರು ಬಿಟ್ಟುಹೋದ ಅಧ್ಯಾಯವೊಂದು ಅಲ್ ಖೌದ್‌ನ ಆ ಕೋಣೆಯಲ್ಲಿ ಗಂಡ ಹೆಂಡಿರ ಬಾಯಿಂದ ಹುಟ್ಟಿ ಬರುತ್ತಿತ್ತು.

ಆಗ ಉಮಾವತಿ ಕೇಳಿದಳು. ಎಝ್ರಾ ಕೇಳಿದನೋ, ಅವಳೇ ಕೇಳಿದಳೋ.

"ಇಷ್ಟೆಲ್ಲ ಮಾತು ನಿನ್ನೊಳಗೆ ಇತ್ತಲ್ಲ ರೂಬೆನ್, ಆ ದಿನ ಸಭೆಯಲ್ಲಿ ಏಕೆ ಆಡಲಿಲ್ಲ?"

ಕೊರಗಪ್ಪ ದನಿ ತಗ್ಗಿಸಿದ. "ನೆರೆದ ಮುಖಗಳು ನನ್ನ ಮಾತಿಗೆ ಕಾಯುತ್ತಿರಲಿಲ್ಲ, ಎಝ್ರಾ. ನಾನು ತಪ್ಪುವುದನ್ನು ಕಾಯುತ್ತಿದ್ದವು. ಅಷ್ಟು ಮುಖಗಳಲ್ಲಿ ಒಂದು ಮುಖ ನನ್ನದು ಎಂದು ಹುಡುಕಿದೆ. ಕಂಡೆ. ಅದು ತಲೆ ತಗ್ಗಿಸಿಕೊಂಡಿತ್ತು. ನನ್ನವಳಿಗೇ ನನ್ನಿಂದ ನಾಚಿಕೆಯಾದ ಮೇಲೆ ಯಾರಿಗೋಸ್ಕರ ಬಾಯಿ ತೆರೆಯಲಿ?"

ಲೀಯಾಳ ವಿಷಯ ಹೇಳುತ್ತಿದ್ದಾನೆ ಎಂದು ಮಿಕ್ಕವರು ತಿಳಿದರು. ಅಂಬುಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಉಮಾವತಿಗೆ ಮಾತ್ರ ಆ ತಗ್ಗಿದ ತಲೆ ತನ್ನದೆಂದು ತಿಳಿಯಿತು, ದೂತನ ಪಾತ್ರದ ಆ ದಿನದ್ದು. ಇದನ್ನು ಇಷ್ಟು ಕಾಲ ಹೊಟ್ಟೆಯಲ್ಲಿಟ್ಟುಕೊಂಡು ಇವರು ತನ್ನ ಕೈಯ ಗಂಜಿ ಉಂಡರೇ? ಒಂದು ದಿನವೂ ಒರಟಾಗಿ ಮಾತಾಡದೆ? ಅವಳಿಗೆ ಅಳು ಒತ್ತರಿಸಿ ಬಂತು. ಆದರೆ ಅತ್ತರೆ ಎಝ್ರಾ ಸೋತಂತೆ.

"ತಲೆ ತಗ್ಗಿದ್ದನ್ನು ಕಂಡೆ ರೂಬೆನ್" ಎಂದಳು, "ಸೆರಗಿನೊಳಗೆ ಕೈ ಜೋಡಿಸಿದ್ದನ್ನು ಕಂಡೆಯಾ? ನಾಚಿಕೆಗೆ ಮಾತ್ರ ತಲೆ ತಗ್ಗುವುದೆಂದು ಯಾರು ಹೇಳಿದರು ನಿನಗೆ? ಇವನ ಬಾಯಿಗೆ ಮಾತು ಕೊಡು ದೇವರೇ ಎಂದು ಕೈಮುಗಿದವಳ ತಲೆಯೂ ತಗ್ಗಿಯೇ ಇರುತ್ತದೆ."

ಕೊರಗಪ್ಪ ಬಾಯಿ ತೆರೆದ. ಮುಚ್ಚಿದ. ಎಲ್ಲ ಪ್ರಸಂಗಗಳ ಎಲ್ಲ ಉತ್ತರಗಳೂ ಬಲ್ಲ ಆ ಮನುಷ್ಯ ಮಡಚಿದ್ದ ಕಾಲುಗಳನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ.

"ಸೋತ್ರಿ ಕೊರಗಪ್ಪನವರೇ, ಸೋತ್ರಿ!" ಎಂದು ಅಂಬುಜಮ್ಮ ಅಳುತ್ತಲೇ ಚಪ್ಪಾಳೆ ತಟ್ಟಿದರು. ಪ್ರೇರಣಾಳೂ ತಟ್ಟಿದಳು. ಆ ಸದ್ದಿನ ನಡುವೆ ಕೊರಗಪ್ಪ ಹೆಂಡತಿಯ ಕಡೆ ಬಾಗಿ, ತುಳುವಿನಲ್ಲಿ, ತನ್ನ ದಿನನಿತ್ಯದ ಸಣ್ಣ ದನಿಯಲ್ಲಿ ಕೇಳಿದ.

"ಸತ್ಯವಾ?"

"ಸತ್ಯ ಮಾರಾಯ್ರೆ."

"ಮತ್ತೆ ಒಂದು ಮಾತು ಹೇಳ್ಲಿಲ್ಲ ನೀನು?"

"ನೀವು ಕೇಳ್ಲೇ ಇಲ್ಲ."

ಕೊರಗಪ್ಪ ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ. ಪ್ರೇರಣಾಳಿಗೆ ತುಳು ಬಾರದು. "ಏನಂದ್ರು, ಏನಂದ್ರು?" ಎಂದು ಅವಳು ಕ್ಲಾರೆನ್ಸ್‌ನ ತೋಳು ಅಲುಗಾಡಿಸಿದಳು. ತುಳು ಚೆನ್ನಾಗಿ ಬಲ್ಲ ಕ್ಲಾರೆನ್ಸ್, ಎಲ್ಲದಕ್ಕೂ ಒಂದು ಅಭಿಪ್ರಾಯ ಇಟ್ಟುಕೊಂಡಿರುವ ಕ್ಲಾರೆನ್ಸ್, ತಣ್ಣಗಾದ ಚಹಾವನ್ನು ಕೆಳಗಿಟ್ಟು ಏನೂ ಹೇಳದೆ ಕೂತಿದ್ದ.