ಬರೀ ಕೊಪ್ಪರಿಗೆಯ ದಾವೆ

ಜೀವಮಾನದಲ್ಲಿ ನಾನು ಒಂದೇ ಒಂದು ಕೇಸು ಹಾಕಿದ್ದೇನೆ, ಗೆದ್ದೂ ಇದ್ದೇನೆ. ಆದರೂ ಯಾರಾದರೂ ಕೋರ್ಟಿನ ಮಾತೆತ್ತಿದರೆ ಮೆಲ್ಲಗೆ ಎದ್ದು ಹಿತ್ತಿಲ ಕಡೆ ಹೋಗುತ್ತೇನೆ. ಸೋತವನಿಗೆ ಹೇಳಿಕೊಳ್ಳಲು ವಕೀಲ, ಗ್ರಹಗತಿ ಅಂತ ಏನಾದರೂ ಇರುತ್ತದೆ. ಗೆದ್ದು ಪೆಚ್ಚಾದವನಿಗೆ ಏನೂ ಇಲ್ಲ ನೋಡಿ.

ದಾವೆ ಒಂದು ಹಿತ್ತಾಳೆ ಕೊಪ್ಪರಿಗೆಯದು. ನನ್ನ ನಾಮಕರಣಕ್ಕೆಂದು ಅಪ್ಪ ಕೊಂಡದ್ದು. ನಾನು ಚಿಕ್ಕವನಿದ್ದಾಗ ಅದರೊಳಗೆ ಕೂತು ಸ್ನಾನ ಮಾಡಿದ್ದೂ ಉಂಟು. ತೊಂಬತ್ತರ ದಶಕದಲ್ಲಿ ನಾನು ನಂಜನಗೂಡಿನಲ್ಲಿ ಹೈಸ್ಕೂಲು ಮೇಷ್ಟ್ರು. ಅಪ್ಪ ತೀರಿಕೊಂಡಿದ್ದರು, ಅವ್ವ ಮೂಗೂರಿನಲ್ಲಿ ಇದ್ದಳು, ನಾನು ಭಾನುವಾರಗಳಲ್ಲಿ ಊರಿಗೆ ಹೋಗಿಬರುತ್ತಿದ್ದೆ. ಪಕ್ಕದ ಮನೆಯ ಗೌರಮ್ಮ ಮಗಳ ಮದುವೆ ಅಡುಗೆಗೆಂದು ಕೊಪ್ಪರಿಗೆ ಒಯ್ದಿದ್ದರು. ಮದುವೆಯಾಗಿ ವರ್ಷ ಕಳೆದರೂ ಅದು ವಾಪಸು ಬರಲಿಲ್ಲ. ಒಂದು ಸಲ ಅವ್ವ, "ಕೊಪ್ಪರಿಗೆ ಇದ್ದಿದ್ರೆ ನೀರ್ ಕಾಯಿಸ್ಬೋದಿತ್ತು" ಎಂದಳು. ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಗೋಡೆಯಾಚೆ ಕೂಗಿ ಕೇಳುತ್ತಿದ್ದರು. ನನಗೋ ಬಾಯಿಬಿಟ್ಟು ಕೇಳಲು ಸಂಕೋಚ. ಓದಿದವನಲ್ಲವೇ, ಅವ್ವನಿಗೂ ಹೇಳದೆ ನೇರವಾಗಿ ಟಿ. ನರಸೀಪುರದ ವಕೀಲರ ಬಳಿಗೆ ಹೋದೆ.

ವಕೀಲರು ಎಲ್ಲ ಕೇಳಿ, "ಬಹಳ ಸಣ್ಣ ಕೇಸು ಮೇಷ್ಟ್ರೇ" ಎಂದರು. ನನಗೆ ಸ್ವಲ್ಪ ಅವಮಾನವೇ ಆಯಿತು. ನ್ಯಾಯದಲ್ಲಿ ಸಣ್ಣದು ದೊಡ್ಡದು ಎಂಬುದನ್ನು ವಸ್ತುವಿನ ಬೆಲೆ ಕಟ್ಟಿ ತೀರ್ಮಾನಿಸುತ್ತಾರಂತೆ. ಆ ಲೆಕ್ಕಕ್ಕೆ ಗಂಡ ಹೆಂಡಿರ ಜಗಳಗಳೆಲ್ಲ ಕೋರ್ಟಿನ ಮೆಟ್ಟಿಲನ್ನೇ ಹತ್ತುವಂತಿಲ್ಲ. ಅಂತೂ ಕಾಗದ ಸಿದ್ಧವಾಯಿತು. ನಾನು ವಾದಿ, ಗೌರಮ್ಮನ ಯಜಮಾನರು ಮಾದೇವಪ್ಪ ಪ್ರತಿವಾದಿ, ಕೊಪ್ಪರಿಗೆ ದಾವಾ ಸ್ವತ್ತು. ಹುಟ್ಟಿದಾಗಿನಿಂದ ಕಂಡವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಪ್ರತಿವಾದಿಯ ಮೇಲೆ ಬಹಳ ಸುಲಭ.

ಕೋರ್ಟಿನ ಅಮೀನ ಸಮನ್ಸು ಕೊಟ್ಟು ಹೋದ ಮೇಲೆ ಊರಿಗೆ ಹೋದರೆ ಹಿತ್ತಿಲು ಬಿಕೋ ಎನ್ನುತ್ತಿತ್ತು. ಅವ್ವ ಮತ್ತು ಗೌರಮ್ಮ ದಿನಾ ಸಂಜೆ ಹಿತ್ತಿಲ ಮೋಟುಗೋಡೆಗೆ ಒರಗಿ, ಆಚೆಯಿಂದ ಎಲೆ, ಈಚೆಯಿಂದ ಅಡಿಕೆ ದಾಟಿಸಿಕೊಂಡು ಮಾತಾಡುತ್ತಿದ್ದವರು. ಈಗ ಗೋಡೆಯ ಆಚೆ ಈಚೆ ಯಾರೂ ಇಲ್ಲ.

"ನಾನೇನ್ ಕೋಲ್ಟಿಗೆ ಓಗು ಅಂದಿದ್ನಾ? ನೀನೇನೋ ನಂಜನಗೂಡಿಗೆ ಓಯ್ತೀಯೆ. ಇನ್ ನಾನ್ ಯಾರ್ ಕುಟ್ಟ ಮಾತಾಡ್ಲಿ?" ಎಂದು ಅವ್ವ ಕಣ್ಣಿಗೆ ಸೆರಗು ಹಚ್ಚಿದಳು. ನನಗೆ ನಿಜಕ್ಕೂ ಭಯವಾಯಿತು. ಆದರೆ ಕೇಸು ಹಾಕುವುದು ಗೊತ್ತಿದ್ದ ನನಗೆ ಅದನ್ನು ಹಿಂದಕ್ಕೆ ತೆಗೆಯುವುದು ಗೊತ್ತಿರಲಿಲ್ಲ, ವಕೀಲರೂ ಹೇಳಿಕೊಡಲಿಲ್ಲ.

ವಾಯಿದೆಯ ದಿನ ಮೂಗೂರಿನಲ್ಲಿ ಬಸ್ಸು ಹತ್ತಿದರೆ ಸೀಟಿನ ಮೇಲೆ ಟವಲು ಹಾಸಿ ಪ್ರತಿವಾದಿ ಕೂತಿದ್ದರು. "ಬನ್ನಿ ಮೇಷ್ಟ್ರೇ, ಸೀಟ್ ಮಡಗಿವ್ನಿ." ನರಸೀಪುರದಲ್ಲಿ ಒಂದೇ ಮೇಜಿನಲ್ಲಿ ಇಡ್ಲಿ ತಿಂದೆವು. ಅದನ್ನು ಕಂಡ ವಕೀಲರು ನನ್ನನ್ನು ಪಕ್ಕಕ್ಕೆ ಎಳೆದು, ಹೀಗೆಲ್ಲ ಮಾಡಿದರೆ ಕೇಸು ನಿಲ್ಲುವುದಿಲ್ಲ ಎಂದು ಗದರಿದರು.

ಯಾಕೆ ಹಿಂತಿರುಗಿಸಿಲ್ಲ ಎಂದು ಜಡ್ಜು ಕೇಳಿದಾಗ ಮಾದೇವಪ್ಪ ಕೈಮುಗಿದರು. "ಬರೀ ಕೊಪ್ಪರಿಗೆ ಎಂಗ್ ಕೊಡಾದು ಸಾಮಿ? ಮದ್ವೆ ಆದ್ ವಾರಕ್ಕೇ ನಮ್ಮಪ್ಪ ತೀರೋದ್ರು. ಸಾವಾದ್ ಮನೆಯಿಂದ ಏನ್ ತುಂಬ್ಕೊಡಾದು? ಮನೇಲಿ ಒಂದ್ ಸುಭಕಾರ್ಯ ಆಗ್ಲಿ ಅಂತ ಕಾಯ್ತಾ ಇವ್ನಿ."

ನನಗೆ ಆಗ ಜ್ಞಾಪಕಕ್ಕೆ ಬಂತು. ನಮ್ಮ ಕಡೆ ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ. ಲೋಟವಾದರೆ ಚಿಟಿಕೆ ಸಕ್ಕರೆ, ಪಾತ್ರೆಯಾದರೆ ಎರಡು ಬದನೆಕಾಯಿ. ಕೊಪ್ಪರಿಗೆಗೆ ಅದರ ಗೌರವಕ್ಕೆ ತಕ್ಕದ್ದು ಬೇಡವೇ? ನಂಜನಗೂಡಿನ ಬಾಡಿಗೆ ಕೋಣೆಯಲ್ಲಿ ಎರವಲು ಕೊಡುವವರೂ ಇಲ್ಲದೆ ನಾನು ಇದನ್ನೆಲ್ಲ ಮರೆತೇಬಿಟ್ಟಿದ್ದೆ. ಜಡ್ಜು ದೂರದ ಊರಿನವರು. ಮುಂದಿನ ವಾಯಿದೆಗೆ ತಂದೊಪ್ಪಿಸಿ ಎಂದು ಹೇಳಿ ಮುಗಿಸಿದರು.

ಮಾದೇವಪ್ಪ ಹುಣಿಸೆಹಣ್ಣು ಹಾಕಿ ಥಳಥಳ ಬೆಳಗಿಸಿ, ಬಸ್ಸಿನ ಟಾಪಿನ ಮೇಲೆ ಹೇರಿಕೊಂಡು ತಂದರು. ಒಳಗೆ ಒಂದಿಷ್ಟು ಅಕ್ಕಿ, ಒಂದು ಅಚ್ಚು ಬೆಲ್ಲ. ಕೋರ್ಟಿನ ಗುಮಾಸ್ತರು ಬಗ್ಗಿ ನೋಡಿ, "ದಾವೇಲಿ ಕೊಪ್ಪರಿಗೆ ಅಂತಷ್ಟೇ ಇದೆ, ಅಕ್ಕಿ ಬೆಲ್ಲ ಇಲ್ವಲ್ರೀ. ತೆಗೀರಿ" ಎಂದರು. ಮಾದೇವಪ್ಪ ಅದನ್ನು ಟವಲಿಗೆ ಕಟ್ಟಿಕೊಂಡರು. ನಾನು ಗೆದ್ದೆ.

ಕೊಪ್ಪರಿಗೆ ಹೊತ್ತು ಮನೆ ಮುಂದೆ ಬಂದರೆ ಅವ್ವ ಬಾಗಿಲಿಗೆ ಅಡ್ಡ ನಿಂತು ಒಳಗೆ ಇಣುಕಿದಳು.

"ಬರೀದಾ? ಅಲ್ಲೇ ನಿಲ್ಲು. ಒಸ್ಲು ದಾಟಿಸ್ಬ್ಯಾಡ. ಓಗು, ಅವ್ರ್ ಮನೇಲೇ ಮಡಗ್ಬುಟ್ಟು ಬಾ. ಗೌರ ಕೈಯಾರ ಕೊಟ್ರೆ ತಕ್ಕತೀನಿ."

ಗೆದ್ದ ಕಾಗದ ಜೇಬಿನಲ್ಲಿ, ಗೆದ್ದ ಸ್ವತ್ತು ಹೆಗಲ ಮೇಲೆ. ವಾದಿಯೇ ಹೋಗಿ ಪ್ರತಿವಾದಿಯ ನಡುಮನೆಯಲ್ಲಿ ಕೊಪ್ಪರಿಗೆ ಇಳಿಸಿದೆ. ಗೌರಮ್ಮ ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಸೀದಾ ಹಿತ್ತಿಲಿಗೆ ಹೋಗಿ ಗೋಡೆಯಾಚೆ ಕೂಗಿದರು: "ನಂಜಕ್ಕಾ, ಮಗಳಿಗೆ ಮೂರ್ ತಿಂಗ್ಳು ಕಣಕ್ಕಾ. ಮಗೀಗೆ ಎಸ್ರಿಡೋ ದಿನ ತುಂಬ್ಕಂಡೇ ಬತ್ತೀನಿ."

ಆಚೆಯಿಂದ ಅವ್ವನ ದನಿ ಬಂತು. "ಮೂರ್ ತಿಂಗ್ಳಾ? ಮತ್ತೆ ನಂಗೇಳ್ನೇ ಇಲ್ವಲ್ಲೇ! ಅಡಿಕೆ ತಕ್ಕಾ." ಅವರ ಮಾತು ದೀಪ ಹಚ್ಚುವ ಹೊತ್ತಿಗೂ ಮುಗಿಯಲಿಲ್ಲ. ನನಗೆ ಕಾಫಿ ಕೊಡುವವರು ಎರಡೂ ಮನೆಯಲ್ಲಿ ಇರಲಿಲ್ಲ.

ಹೇಳಿದಂತೆಯೇ ನಾಮಕರಣದ ದಿನ ಕೊಪ್ಪರಿಗೆ ಬಂತು, ತಳ ಮುಚ್ಚುವಷ್ಟು ಪಾಯಸದೊಂದಿಗೆ. ಅದರ ಮೇಲೆ ಮುಚ್ಚಿಕೊಂಡು ಬಂದ ದೊಡ್ಡ ತಟ್ಟೆ ಗೌರಮ್ಮನದು. ಬರೀ ತಟ್ಟೆ ಹೇಗೆ ಕೊಡುವುದೆಂದು ಅದು ಇನ್ನೂ ನಮ್ಮ ಅಡುಗೆಮನೆಯಲ್ಲೇ ಇದೆ. ಮಾದೇವಪ್ಪ ಇದುವರೆಗೂ ನೋಟೀಸು ಕೊಟ್ಟಿಲ್ಲ.