ಕಾಳ್ಗಿಚ್ಚಿಗೂ ಮೊದಲೇ ಹೊರಟ ಚೀಲ

ಕೊಟ್ಟೂರಿನ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವರ್ಷ ತರ್ಕಶಾಸ್ತ್ರ ಕಲಿಸಿದ ನಾನು ಒಂದು ಬಟ್ಟೆಯ ಚೀಲದ ಎದುರು ಸೋತುಹೋದ ಸಂಗತಿಯನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಹಳೆಯ ವಿದ್ಯಾರ್ಥಿಗಳು ನಕ್ಕಾರು ಎಂಬ ಅಂಜಿಕೆ. ಈಗ ಪಿಂಚಣಿ ಬರುತ್ತಿದೆ, ಅಂಜಿಕೆಯೂ ನಿವೃತ್ತಿಯಾಗಿದೆ. ಆದ್ದರಿಂದ ನಿಮ್ಮ ಕಿವಿಗೆ ಮಾತ್ರ ಹೇಳಿಬಿಡುತ್ತೇನೆ.

ಚೀಲ ನನ್ನ ಅಕ್ಕನದು. ಅಕ್ಕ ಹಿರೇಹಡಗಲಿಯ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನಿವೃತ್ತಳಾದ ಮೇಲೆ ಕೂಡ್ಲಿಗಿಯಲ್ಲಿ ನನ್ನ ಜೊತೆಗೇ ಇದ್ದಳು. ಊರಿನವರೆಲ್ಲ ಅವಳನ್ನು ಸಿಸ್ಟರಮ್ಮ ಎನ್ನುತ್ತಿದ್ದರು. ಹೆರಿಗೆ ಮಾಡಿಸುವಾಗ ರಾಹುಕಾಲ, ಗುಳಿಕಕಾಲ ಯಾವುದನ್ನೂ ಲೆಕ್ಕಿಸದವಳು, ತಾನು ಎಲ್ಲಿಗಾದರೂ ಹೊರಟರೆ ಮಾತ್ರ ಪಂಚಾಂಗ ತೆಗೆಯುತ್ತಿದ್ದಳು. "ಕೂಸು ಹುಟ್ಟೋದು ನನ್ನ ಕೈಯಾಗಿಲ್ಲ, ಊರಿಗೆ ಹೋಗೋದು ನನ್ನ ಕೈಯಾಗೈತಿ" ಎಂಬುದು ಅವಳ ಸಮಜಾಯಿಷಿ. ಇದರಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ.

ಅಕ್ಕನ ಜೊತೆಗೆ ಅದೇ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ಅನ್ನಮ್ಮ ಎಂಬ ಕೇರಳದ ನರ್ಸ್ ಇದ್ದರು. ಒಂದೇ ಡಬ್ಬಿಯಲ್ಲಿ ಉಂಡವರು, ಒಂದೇ ಕೊಡೆಯಲ್ಲಿ ಓಡಾಡಿದವರು. ಆಮೇಲೆ ಅನ್ನಮ್ಮ ಗಂಡನೊಂದಿಗೆ ಆಸ್ಟ್ರೇಲಿಯಕ್ಕೆ ಹೋದರು. ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ವರ್ಷ ಅವರ ಫೋನು ಬಂತು. ಕಣ್ಣು ಮಂಜಾಗುತ್ತಿದೆಯಂತೆ, ವರ್ಷದೊಳಗೆ ಪೂರ್ತಿ ಹೋಗಬಹುದೆಂದು ಡಾಕ್ಟರು ಹೇಳಿದ್ದಾರಂತೆ. "ನಿನ್ನ ಮುಖ ಕಾಣೋವಾಗ್ಲೇ ಬಾ" ಎಂದರಂತೆ. ಫೋನಿಟ್ಟ ಅಕ್ಕ ಮರುದಿನವೇ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದಳು. ತಮ್ಮನಾದ ನಾನು ಜೊತೆಗೆ ಹೋಗುವುದೆಂದೂ ಆಯಿತು.

ಎಲ್ಲ ಕೂಡಿಬಂದು ಟಿಕೆಟ್ಟು ಸಿಕ್ಕಿದ್ದು ಅಮಾವಾಸ್ಯೆಯ ದಿನಕ್ಕೆ. ವಿಮಾನದವರಿಗೆ ಅಮಾವಾಸ್ಯೆ ಗೊತ್ತಿಲ್ಲ, ಅಕ್ಕನಿಗೆ ಅದೊಂದೇ ಗೊತ್ತು. ಆದರೆ ನಮ್ಮ ಹಿರಿಯರು ಇಂಥ ಪೇಚಿಗೆ ಎಂದೋ ಒಂದು ದಾರಿ ಮಾಡಿಟ್ಟಿದ್ದಾರೆ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೂ ಮೊದಲಿನ ಒಂದು ಒಳ್ಳೆಯ ದಿನ ನೋಡಿ, ನಾಲ್ಕು ಸಾಮಾನು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟುಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಮನುಷ್ಯ ತನ್ನ ಮನೆಯಲ್ಲೇ ಉಂಡು ಮಲಗಿರುತ್ತಾನೆ, ಪಂಚಾಂಗದ ಪ್ರಕಾರ ಮಾತ್ರ ಊರು ಬಿಟ್ಟಾಗಿರುತ್ತದೆ. ದೇವರಿಗೂ ಗ್ರಹಗಳಿಗೂ ಇಷ್ಟು ಸಲೀಸಾಗಿ ಟೋಪಿ ಹಾಕಬಹುದೆಂದು ಕಂಡುಹಿಡಿದವನು ನನ್ನ ತರಗತಿಯಲ್ಲಿ ಕೂತಿದ್ದರೆ ನಾನೇ ಎದ್ದು ಅವನಿಗೆ ಕುರ್ಚಿ ಬಿಟ್ಟುಕೊಡುತ್ತಿದ್ದೆ.

ಆದರೆ ಆಗ ನನಗೆ ಹಾಗನ್ನಿಸಲಿಲ್ಲ. ಅಕ್ಕ ವಿಮಾನದ ದಿನಕ್ಕಿಂತ ಹತ್ತು ದಿನ ಮೊದಲಿನ ಗುರುವಾರವನ್ನು ಆರಿಸಿದಳು. ನೆರೆಮನೆ ಹುಡುಗರ ಭೂಪಟ ಹರಡಿ, ಕೂಡ್ಲಿಗಿಯಿಂದ ಆಸ್ಟ್ರೇಲಿಯ ಆಗ್ನೇಯಕ್ಕೆ ಬರುತ್ತದೆಂದು ಬೆರಳಿಟ್ಟು ತೋರಿಸಿದಳು. ನಮ್ಮ ಮನೆಗೆ ಆಗ್ನೇಯದಲ್ಲಿದ್ದದ್ದು ಹೆದ್ದಾರಿಯ ಬದಿಯ ಇಮಾಂ ಸಾಹೇಬರ ಮನೆ. ಅವರು ಟ್ರ್ಯಾಕ್ಟರ್ ರಿಪೇರಿ ಮಾಡುವವರು. ಅಕ್ಕ ಒಂದು ನೂಲಿನ ಸೀರೆ, ಅರಿಶಿನ ಕೊಂಬು, ತನ್ನ ಡ್ಯೂಟಿಯ ಹಳೆಯ ಗಡಿಯಾರ ಇಷ್ಟನ್ನು ಚೀಲಕ್ಕೆ ಹಾಕಿದಳು.

"ಚೀಲಕ್ಕ ವೀಸಾ ಬಂದೈತೇನಕ್ಕ?" ಎಂದು ಕೆಣಕಿದೆ.

"ಬಂದೈತಿ. ನಿನಗ ಬುದ್ಧಿ ಬರೋದೊಂದು ಬಾಕಿ ಐತಿ" ಎಂದಳು.

ಇಮಾಂ ಸಾಹೇಬರು ಆಯಿಲ್ ಹತ್ತಿದ ಕೈ ತೊಳೆದುಕೊಂಡು ಬಂದು, ಅಲ್ಮೇರಾದ ಮೇಲೆ ಮಡಿಸಿದ ಟವೆಲ್ ಹಾಸಿ, ಚೀಲ ಇಟ್ಟರು. "ಸಫರಿಗೆ ಹೊಂಟ ಸಾಮಾನ್ರಿ ಸಿಸ್ಟರಮ್ಮ, ನೆಲಕ್ಕಿಡಬಾರ್ದು" ಎಂದರು. ಅವರ ಸೊಸೆ ಶಾಹೀನ್ ವಿಮಾ ಏಜೆಂಟ್. ಆಗಿನ್ನೂ ಏಜೆಂಟರೆಂದರೆ ಸಾವಿನ ಸುದ್ದಿ ತೆಗೆದು ಮಾತು ಶುರು ಮಾಡುವ ಗಂಡಸರು. ಶಾಹೀನ್ ಮಾತ್ರ ಪಾಲಿಸಿಯ ಸಣ್ಣಕ್ಷರಗಳನ್ನು ಅಡಿಗೆರೆ ಎಳೆದು ಓದುವವಳು. ಚೀಲ ನೋಡಿದವಳೇ ಅಂದಳು:

"ಸಿಸ್ಟರಮ್ಮ, ನಿಮ್ಮ ಪ್ರಕಾರ ನೀವು ಇವತ್ತ ಹೊಂಟ್ರಿ. ಅಂದಮ್ಯಾಲೆ ಪ್ರಯಾಣದ ಪಾಲಿಸಿನೂ ಇವತ್ತ ಆಗ್ಲಿ. ಅದನ್ನೂ ಚೀಲದಾಗ ಇಡೋಣು."

ಅಕ್ಕ ಅಲ್ಲೇ ಕೂತು ಸಹಿ ಮಾಡಿದಳು. ಶಾಹೀನ್ ನನ್ನ ಕಡೆ ತಿರುಗಿ, "ಸರ, ನಿಮ್ದೂ ಬರೀಲೇನ್ರಿ? ಇವತ್ತು ಬರದ್ರೂ ಅಷ್ಟ, ಹೊಂಡೋ ದಿನ ಬರದ್ರೂ ಅಷ್ಟ. ಒಂದು ಪೈಸಾ ಹೆಚ್ಚಾಗಂಗಿಲ್ಲ" ಎಂದಳು. ಹೆಚ್ಚಾಗದಿದ್ದರೆ ಮಾಡಿಸಿಬಿಡಬೇಕಿತ್ತು. ಆದರೆ ಆ ಕಾಗದಕ್ಕೆ ಸಹಿ ಹಾಕಿದರೆ ಪ್ರಸ್ಥಾನಕ್ಕೂ ಸಹಿ ಹಾಕಿದಂತಾಗುತ್ತದೆ ಎಂದು ನನ್ನೊಳಗಿನ ಉಪನ್ಯಾಸಕ ಬಿಗಿದುಕೊಂಡ. "ಹೊಂಡೋ ಹಿಂದಿನ ದಿನ ನೋಡೋಣ ಬಿಡಮ್ಮ" ಎಂದೆ.

ಚೀಲ ಇಟ್ಟು ಆರು ದಿನವಾದ ಸಂಜೆ ಟೀವಿಯಲ್ಲಿ ಬೆಂಕಿ ಕಂಡಿತು. ಅನ್ನಮ್ಮ ಇರುವ ಸೀಮೆಯ ಕಾಡಿಗೆ ಕಾಳ್ಗಿಚ್ಚು ಹತ್ತಿತ್ತು. ನಮ್ಮ ಗುಡ್ಡಗಳಲ್ಲೂ ಬೇಸಿಗೆಯಲ್ಲಿ ಹುಲ್ಲು ಉರಿಯುವುದುಂಟು, ಆದರೆ ಇದು ಆಕಾಶವನ್ನೇ ಕೆಂಪಾಗಿಸಿತ್ತು. ಅಷ್ಟರಲ್ಲಿ ಅನ್ನಮ್ಮನ ಫೋನು: ನಾವು ಮನೆ ಬಿಟ್ಟು ದೂರದ ನೆಂಟರಲ್ಲಿಗೆ ಹೋಗಿದ್ದೇವೆ, ಕ್ಷೇಮ. ಅಕ್ಕ ದೇವರಿಗೆ ಕೈಮುಗಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಇಮಾಂ ಸಾಹೇಬರ ಮನೆಗೆ ಓಡಿದೆ.

"ಬರೀತೀನ್ರಿ ಸರ" ಎಂದಳು ಶಾಹೀನ್. "ಹಾದ್ಯಾಗ ಜ್ವರ ಬಂದ್ರ, ಸಾಮಾನು ಕಳದ್ರ ಅದಕ್ಕೆಲ್ಲ ನಡೀತೈತಿ. ಈ ಬೆಂಕಿಗೆ ಮಾತ್ರ ನಡಿಯಂಗಿಲ್ಲ. ಇದು ಗೊತ್ತಾದ ಮ್ಯಾಲಿನ ಪಾಲಿಸಿ ಆತು."

"ನನಗ ಗೊತ್ತಿರಲಿಲ್ಲ ಅನ್ನು."

"ಟೀವಿ ಎಲ್ಲಾರ ಮನ್ಯಾಗೂ ಐತಲ್ರಿ ಸರ."

ಬೇರೆಯವರಾಗಿದ್ದರೆ ಹಣ ತೆಗೆದುಕೊಂಡು ಸುಮ್ಮನಿರುತ್ತಿದ್ದರು. ಅವಳ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ, ಸಿಟ್ಟಿನ ಜೊತೆಜೊತೆಗೆ.

ನಿಜವಾದ ಇಕ್ಕಟ್ಟು ಮರುದಿನ ಎದುರಾಯಿತು. ಟಿಕೆಟ್ ಮಾಡಿಸಿಕೊಟ್ಟಿದ್ದ ಹೊಸಪೇಟೆಯವನು ಫೋನು ಮಾಡಿ, ಇವತ್ತು ರದ್ದು ಮಾಡಿದರೆ ಅರ್ಧ ಹಣ ಬರುತ್ತದೆ, ನಾಳೆಯಿಂದ ಏನೂ ಇಲ್ಲ ಎಂದ. ನಾನು ತಕ್ಷಣ ನನ್ನದನ್ನು ರದ್ದು ಮಾಡಿಸಿದೆ. ಆದರೆ ಅರ್ಧ ಟಿಕೆಟ್ಟಿನಲ್ಲಿ ಆಸ್ಟ್ರೇಲಿಯ ಮುಟ್ಟಲಾಗದು. ಅಕ್ಕನ ಹತ್ತಿರ ಇನ್ನೊಂದು ಪ್ರಯಾಣಕ್ಕೆ ಆಗುವಷ್ಟು ಇರಲಿಲ್ಲ, ಅನ್ನಮ್ಮನ ಕಣ್ಣಿಗೆ ಕಾಯುವಷ್ಟು ವ್ಯವಧಾನವೂ ಇರಲಿಲ್ಲ. ಅಕ್ಕ ಶಾಹೀನಳನ್ನು ಕರೆಸಿದಳು.

"ಇವತ್ತು ನೀವಾಗೇ ಅಂಜಿ ಬಿಟ್ರ ಕಂಪನಿ ಏನೂ ಕೊಡಂಗಿಲ್ರಿ" ಎಂದು ಅವಳು ಪಾಲಿಸಿ ಬಿಚ್ಚಿದಳು. "ಬರೇ ಅಂಜಿಕಿಗೆ ವಿಮಾ ಇಲ್ಲ. ಆ ಸೀಮಿಗೆ ಹೋಗಬ್ಯಾಡ್ರಿ ಅಂತ ಸರಕಾರ ಅಡ್ವೈಸರಿ ಕೊಟ್ರ ನಿಮಗ ಪೂರ್ತಿ ಬರತೈತಿ. ಯಾಕಂದ್ರ ನೀವು ಬೆಂಕಿಗಿಂತ ಮೊದ್ಲ ಮಾಡ್ಸೀರಿ. ಕೊಡದಿದ್ರ ವಿಮಾನ ಹತ್ರಿ. ನಾ ಎರಡು ಸಲ ಓದೀನಿ, ಬಳ್ಳಾರಿ ಆಫೀಸಿಗೂ ಕೇಳೀನಿ."

"ಕಾಯ್ತೀನಿ" ಎಂದಳು ಅಕ್ಕ.

ಮೂರು ದಿನ. ನನ್ನ ಅಕ್ಕನನ್ನು ನಾನು ಅಷ್ಟು ಮೆಚ್ಚಿಕೊಂಡು ನೋಡಿದ್ದು ಅದೇ ಮೊದಲು. ಹೆರಿಗೆ ಕೋಣೆಯ ಹೊರಗೆ ಗಂಡಸರು ಶತಪಥ ಹಾಕುವ ಹಾಗೆ ನಾನು ಅಂಗಳದಲ್ಲಿ ತಿರುಗುತ್ತಿದ್ದೆ, ಅವಳು ಒಳಗಿನ ನರ್ಸಿನ ಹಾಗೆ ಶಾಂತವಾಗಿ ಅಕ್ಕಿ ಆರಿಸುತ್ತಿದ್ದಳು. ಶಾಹೀನ್ ದಿನಕ್ಕೆರಡು ಸಲ ಬಸ್ ನಿಲ್ದಾಣದ ಪಕ್ಕದ ಇಂಟರ್ನೆಟ್ ಅಂಗಡಿಗೆ ಹೋಗಿ ನೋಡಿಬರುತ್ತಿದ್ದಳು. ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಒಂದು ಹಾಳೆ ಹಿಡಿದು ಬಿರಬಿರನೆ ಬಂದಳು. ಆ ಪ್ರಾಂತ್ಯಕ್ಕೆ ಅನಗತ್ಯ ಪ್ರಯಾಣ ಮಾಡಬಾರದೆಂದು ನಮ್ಮ ಸರಕಾರದ ಸೂಚನೆ.

ಅಕ್ಕನ ಕಣ್ಣಲ್ಲಿ ನೀರು ಬಂತು. "ನನಗ ಅಗತ್ಯನ ಐತಲ್ಲವಾ" ಎಂದಳು.

"ನಿಮಗ ಅಗತ್ಯ ಐತ್ರಿ ಸಿಸ್ಟರಮ್ಮ, ಕಾಗದಕ್ಕ ಇಲ್ಲ. ಇದೊಂದು ಸಲ ಕಾಗದದ ಮಾತು ಕೇಳ್ರಿ. ಇನ್ನೊಮ್ಮೆ ಹೋಗಾಕ ಅದ ದಾರಿ."

ಹಣ ಸುಮ್ಮನೆ ಬರಲಿಲ್ಲ. ವಿಮಾನ ಹಾರಿದೆಯಲ್ಲ, ಸಲಹೆ ಕೊಟ್ಟ ಮಾತ್ರಕ್ಕೆ ನಿಷೇಧವೇ ಎಂದು ಆಫೀಸಿನವರು ತಗಾದೆ ತೆಗೆದರು. ಶಾಹೀನ್ ಬಳ್ಳಾರಿಗೆ ಹೋಗಿ ತಾನು ಅಡಿಗೆರೆ ಎಳೆದ ಸಾಲು ತೋರಿಸಿದಳು: ನಿಷೇಧ ಎಂದಿಲ್ಲ, ಸರಕಾರದ ಸಲಹೆ ಎಂದೇ ಇದೆ. ಪಾಲಿಸಿ ಯಾವತ್ತಿನದು ಎಂದು ಕೇಳಿದರು. ಚೀಲ ಹೊರಟ ಗುರುವಾರದ್ದು. ಬೆಂಕಿಗೆ ಆರು ದಿನ ಮೊದಲು. ಪೂರ್ತಿ ಹಣ ಬಂತು.

ಆಮೇಲೆ ನಾನು ಕೂತು ಯೋಚಿಸಿದ್ದೇನೆ. ಹಿಂದೆ ದೂರ ಹೊರಟ ವ್ಯಾಪಾರಿಗಳು ಮೊದಲ ಬಿಡಾರವನ್ನು ಊರ ಹತ್ತಿರವೇ ಹೂಡುತ್ತಿದ್ದರಂತೆ, ಮರೆತ ಸಾಮಾನಿದ್ದರೆ ತರಿಸಿಕೊಳ್ಳಲು. ಪ್ರಸ್ಥಾನವೂ ಇದೇ ಇರಬೇಕು. ಹೊರಡುವವನು ತಯಾರಿಯನ್ನು ಬೇಗ ಮುಗಿಸುವಂತೆ ಮಾಡುವ ಉಪಾಯ. ಗ್ರಹಗಳಿಗೆ ಆರು ದಿನದಿಂದ ಆಗುವುದೇನು? ಆದರೆ ವಿಮೆಗೆ ಆಗುತ್ತದೆ. ಹೊಗೆ ಕಾಣುವ ಮೊದಲು ಬಂದವನನ್ನು ಅದು ಕೈಹಿಡಿಯುತ್ತದೆ, ಕಂಡ ಮೇಲೆ ಓಡಿಬಂದವನನ್ನು ಟೀವಿಯ ನೆನಪು ಮಾಡಿ ಕಳಿಸುತ್ತದೆ. ತರ್ಕಶಾಸ್ತ್ರದ ಪುಸ್ತಕದಲ್ಲಿ ನಾನಿದನ್ನು ಓದಿರಲಿಲ್ಲ.

ಯುಗಾದಿ ಕಳೆದ ಮೇಲೆ ಅಕ್ಕ ಒಬ್ಬಳೇ ಹೋದಳು. ಆ ಸಲ ಚೀಲವನ್ನು ಇಮಾಂ ಸಾಹೇಬರ ಮನೆಗೆ ಹೊತ್ತವನು ನಾನು. ತಿಂಗಳ ಮೇಲೆ ಬಂದಾಗ ಒಂದು ಫೋಟೋ ತಂದಳು. ಸುಟ್ಟು ಕರ್ರಗಾದ ನೀಲಗಿರಿ ಮರದ ಬೊಡ್ಡೆಯ ತುಂಬ ಹಸಿರು ಚಿಗುರು, ಅದರ ಮುಂದೆ ಇಬ್ಬರು ಮುದುಕಿಯರು. ಅನ್ನಮ್ಮ ಅಕ್ಕನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, ತೀರ ಹತ್ತಿರದಿಂದ ನೋಡುತ್ತಿದ್ದಾರೆ.

"ಕಂಡ್ಯೇನಕ್ಕ ನೀ ಅವರಿಗೆ?" ಎಂದೆ.

"ಕೂದ್ಲ ಬೆಳ್ಳಗಾಗ್ಯಾವಲ್ಲ ಅಂತ ಬೈದ್ಲು" ಎಂದು ನಕ್ಕಳು. ಅದಕ್ಕಿಂತ ದೊಡ್ಡ ಪುರಾವೆ ನನಗೆ ಬೇಕಿರಲಿಲ್ಲ.

ಮುಂದಿನ ಗುರುವಾರ ನಾನೊಂದು ಪಂಚೆ, ಒಂದು ಅಂಗಿ, ಕನ್ನಡಕದ ಡಬ್ಬಿ ಚೀಲಕ್ಕೆ ತುಂಬಿ ಇಮಾಂ ಸಾಹೇಬರ ಮನೆಗೆ ಹೋದೆ. ಅವರು ಏನೂ ಕೇಳದೆ ಟವೆಲ್ ಮಡಿಸತೊಡಗಿದರು. ಶಾಹೀನ್ ಕೇಳಿದಳು, "ಎಲ್ಲಿಗ್ರಿ ಸರ?"

"ಇನ್ನೂ ಗೊತ್ತಿಲ್ಲಮ್ಮ."

ಅವಳು ಸ್ವಲ್ಪ ಯೋಚಿಸಿದಳು. "ಹಂಗಾದ್ರ ಪಾಲಿಸಿ ಬರಿಯಾಕಾಗಂಗಿಲ್ರಿ" ಎಂದಳು. ಆಮೇಲೆ ಚೀಲವನ್ನು ಕೈಗೆ ತೆಗೆದುಕೊಂಡು ಮಾವನಿಗೆ ಕೊಟ್ಟಳು. "ಇರ್ಲಿ. ಚೀಲ ಮೊದ್ಲ ಹೊಂಡ್ಲಿ."